ಹಳೇ ರೂಟರ್ ಸಾಕಾ? ಪೋರ್ಟ್ ನೋಡಿ ಸರ್

ನಿಟ್ಟುವಳ್ಳಿ ಮನೇಲಿ 40 ಎಂಬಿಪಿಎಸ್ (ಸ್ಪೀಡ್ ಅಳತೆ) ನೆಟ್ ಬಿಟ್ಟು ಬೇರೆ ಕಂಪನಿಯ 300ರ ಫೈಬರ್ ಹಾಕಿಸ್ತೀನಿ, ಹಳೇ ರೂಟರ್ ನಡೆಯುತ್ತಾ ಅಂತ ಕೇಳಿದ್ದೀರಿ. ಅದರ ತಳದಲ್ಲಿರೋ ಮಾಡೆಲ್ ನಂಬರ್ ನೆಟ್‌ನಲ್ಲಿ ಹಾಕಿ ನೋಡಿ. ಪೋರ್ಟ್ (ನೆಟ್ ವೈರ್ ಚುಚ್ಚೋ ಕಿಂಡಿ) 10/100 ಅಂತಿದ್ರೆ ಪ್ಲಾನ್ ಎಷ್ಟರದ್ದೇ ಇರಲಿ, ಸ್ಪೀಡ್ 100 ಎಂಬಿಪಿಎಸ್ ದಾಟಲ್ಲ, ದುಡ್ಡು ದಂಡ. ಗಿಗಾಬಿಟ್, ಅಂದ್ರೆ 1000 ಎಂಬಿಪಿಎಸ್ ಪೋರ್ಟೇ ಬೇಕು. ಮೊಬೈಲ್‌ಗೆ 5 ಗಿಗಾಹರ್ಟ್ಸ್ ವೈಫೈ ಹಿಡಿಸಿ. ಸ್ಪೀಡ್ ಜಾಸ್ತಿ, ಆದ್ರೆ ಗೋಡೆ ದಾಟೋದ್ರಲ್ಲಿ ವೀಕು. ಅದಕ್ಕೇ ರೂಟರ್ ಮನೆ ನಡುವೆ ಕೂರಿಸಿ. ಲೈನ್ ಎಳೆಯೋ ಹುಡುಗರು ಬಾಗಿಲ ಪಕ್ಕದಲ್ಲೇ ಮೊಳೆ ಹೊಡೆದು ಹೊರಡೋಕೆ ನೋಡ್ತಾರೆ, ಬಿಡಬೇಡಿ. ಮೂಲೇಲಿ ಫೈಬರ್ ವೈರನ್ನ ಚೂಪಾಗಿ ಮಡಚೋಕೂ ಬಿಡಬೇಡಿ, ಬೆಳಕು ಸೋರಿ ಸಿಗ್ನಲ್ ಬೀಳುತ್ತೆ.

ಹೊಸದು ಒಂದು ವಾರ ಸರಿಯಾಗಿ ಓಡಿದ ಮೇಲೇ ಹಳೇದು ಕಟ್ ಮಾಡಿಸಿ. ಹಳೇ ಕಂಪನಿಯ ಬಾಕ್ಸ್ ಇದ್ರೆ ವಾಪಸ್ ಕೊಟ್ಟಿದ್ದಕ್ಕೆ ರಸೀದಿ ಇಸ್ಕೊಳ್ಳಿ, ಡಿಪಾಸಿಟ್ ಕೇಳೋಕೆ ಬೇಕಾಗುತ್ತೆ.