ಸಿಟ್ಟಿಗೆ ಮಾತ್ರೆ ಕೇಳಿಕೊಂಡು ಬಂದ ಸುಧಾ

ಏಪ್ರಿಲ್ ಮೂರನೇ ವಾರ ಸುಧಾ ನನ್ನ ಬಳಿ ಬಂದರು. ಹೆಸರು ಬದಲಿಸಿದ್ದೇನೆ, ಗುರುತು ಸಿಗಬಹುದಾದ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಮನೆಯವರೆಲ್ಲರ ಒಪ್ಪಿಗೆ ಇದೆ.

“ಮೇಡಂ, ನನಗೆ ಸಿಟ್ಟು ತುಂಬಾ ಜಾಸ್ತಿ ಆಗಿದೆ. ಮಾತ್ರೆ ಇದ್ರೆ ಬರೆದುಕೊಡಿ” ಎಂದರು. ಮಾತ್ರೆ ಬರೆಯುವುದು ವೈದ್ಯರ ಕೆಲಸ, ನಾನು ಆಪ್ತಸಲಹೆಗಾರ್ತಿ ಎಂದೆ. “ಹಾಗಾದ್ರೆ ಇಲ್ಲಿಗೆ ಬಂದಿದ್ದೂ ದಂಡವಾ?” ಎಂದವರೇ ಅತ್ತುಬಿಟ್ಟರು.

ಸುಧಾಗೆ 39 ವರ್ಷ. ದಾವಣಗೆರೆಯಲ್ಲಿ ಮನೆ, ಅಲ್ಲೇ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ಪತಿ ಖಾಸಗಿ ಕಂಪನಿಯ ಸೇಲ್ಸ್ ವಿಭಾಗದಲ್ಲಿದ್ದಾರೆ, ವಾರದಲ್ಲಿ ಮೂರು ದಿನ ಊರೂರು ಸುತ್ತಾಟ. ಹನ್ನೆರಡು ವರ್ಷದ ಮಗಳು, ಎಂಟು ವರ್ಷದ ಮಗ. ಜೊತೆಗೆ 68 ವರ್ಷದ ಅತ್ತೆ.

ಅವರನ್ನು ನನ್ನ ಬಳಿಗೆ ತಂದದ್ದು ಒಂದು ಪ್ರವಾಸ. ಬ್ಯಾಂಕಿನವರಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ ರಜೆ. ಹಾಗಾಗಿ ಏಪ್ರಿಲ್ ಎರಡನೇ ಶನಿವಾರ ಹೊರಟು ಭಾನುವಾರ ವಾಪಸ್ ಬರುವುದು ಎಂದು ತೀರ್ಮಾನವಾಗಿತ್ತು. ಮಕ್ಕಳಿಗೆ ಆಗಷ್ಟೇ ಬೇಸಿಗೆ ರಜೆ ಸಿಕ್ಕಿತ್ತು. ಮೊದಲು ಶಿವಮೊಗ್ಗದ ಹತ್ತಿರದ ಸಕ್ರೆಬೈಲಿನಲ್ಲಿ ಆನೆ ನೋಡುವುದು, ಆಮೇಲೆ ತೀರ್ಥಹಳ್ಳಿ, ಆಗುಂಬೆ ದಾಟಿ ಶೃಂಗೇರಿಯಲ್ಲಿ ತಂಗುವುದು. ಸಕ್ರೆಬೈಲಿನ ಬಿಡಾರದಲ್ಲಿ ಜನರಿಗೆ ಪ್ರವೇಶ ಬೆಳಗಿನ ಹೊತ್ತು ಮಾತ್ರ. ಆನೆಗಳಿಗೆ ತುಂಗೆಯ ಹಿನ್ನೀರಿನಲ್ಲಿ ಸ್ನಾನ, ಆಮೇಲೆ ಮೇವು. ಅದು ಮುಗಿದರೆ ಅವನ್ನು ಮತ್ತೆ ಕಾಡಿಗೆ ಬಿಡುತ್ತಾರೆ. ಅಂದರೆ ದಾವಣಗೆರೆಯಿಂದ ಆರು ಗಂಟೆಗೆಲ್ಲ ಹೊರಡಬೇಕು.

ಇವರು ಹೊರಟಿದ್ದು ಎಂಟೂವರೆಗೆ.

ಆ ಬೆಳಗ್ಗೆ ಏನೇನು ಮಾಡಿದಿರಿ ಅಂತ ಕೇಳಿದೆ. ನಾಲ್ಕೂವರೆಗೆ ಎದ್ದು ಚಪಾತಿ, ಪಲ್ಯ, ಮೊಸರನ್ನ ಮಾಡಿದ್ದರು. ಮಕ್ಕಳ ಬಟ್ಟೆ ತುಂಬಿದ್ದರು. ಅತ್ತೆಯ ಬಿಪಿ ಮಾತ್ರೆ, ಮಗನ ವಾಂತಿ ಮಾತ್ರೆ, ಚಾರ್ಜರ್, ಟವೆಲ್ ಎಲ್ಲ ನೆನಪಿಟ್ಟು ಎತ್ತಿಟ್ಟಿದ್ದರು. ಗ್ಯಾಸ್ ಆಫ್ ಆಗಿದೆಯಾ ಅಂತ ಎರಡು ಸಲ ನೋಡಿದ್ದರು. ಹಾಲಿನವನಿಗೆ ಬೇಡ ಅಂತ ಹೇಳಿದ್ದರು. ತಾರಸಿಯ ಮೇಲೆ ಒಣಗಲು ಹಾಕಿದ್ದ ಸಂಡಿಗೆ ಒಳಗೆ ತಂದಿದ್ದರು. ಪತಿ ಏಳು ಗಂಟೆಗೆ ಎದ್ದು ಕಾರಿನ ಟೈರಿಗೆ ಗಾಳಿ ಹಾಕಿಸಿಕೊಂಡು ಬಂದಿದ್ದರು.

ಸಕ್ರೆಬೈಲು ತಲುಪುವ ಹೊತ್ತಿಗೆ ಒಳಗೆ ಬಿಡುವುದು ನಿಂತಿತ್ತು. ಮಗ ಅತ್ತ. “ನೀನು ಸ್ವಲ್ಪ ಬೇಗ ರೆಡಿ ಆಗಿದ್ರೆ ಆನೆ ಸಿಗ್ತಿತ್ತು” ಎಂದರು ಪತಿ. ಸುಧಾ ಆಗ ಏನೂ ಹೇಳಲಿಲ್ಲ. ಮಧ್ಯಾಹ್ನ ರಸ್ತೆ ಬದಿ ಮರದ ನೆರಳಲ್ಲಿ ಊಟಕ್ಕೆ ಕೂತಾಗ ಅತ್ತೆ, “ಮೊಸರನ್ನ ಹುಳಿ ಬಂದೈತಿ. ಹಾಲು ಜಾಸ್ತಿ ಹಾಕಿ ಕಲಸಬೇಕಿತ್ತು” ಎಂದರು. ಅವರು ಹೇಳಿದ್ದು ಸರಿಯೇ. ಬೇಸಿಗೆಯಲ್ಲಿ ದಾರಿಗೆ ಒಯ್ಯುವ ಮೊಸರನ್ನಕ್ಕೆ ಹಾಲೇ ಜಾಸ್ತಿ, ಮೊಸರು ಹೆಸರಿಗಷ್ಟೇ ಇರಬೇಕು. ಆದರೆ ಸುಧಾ ಡಬ್ಬಿಯನ್ನು ನೆಲಕ್ಕೆ ಕುಕ್ಕಿದರು. “ನೀವೇ ಮಾಡ್ಕೊಂಡು ಬರಬೇಕಿತ್ತು. ಮನೇಲಿ ಕೂತು ಇಡೀ ದಿನ ಮತ್ತೇನು ಮಾಡ್ತೀರಿ?” ಎಂದು ಕೂಗಿದರು. ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಬೇರೆ ಮನೆಯವರು ತಿರುಗಿ ನೋಡಿದರು.

ಅಲ್ಲಿಂದ ಮುಂದೆ ಯಾರೂ ಮಾತಾಡಲಿಲ್ಲ. ಊರಿಗೆ ಬಂದ ಮೇಲೂ ಅತ್ತೆ ಸೊಸೆಯ ಜೊತೆ ಮಾತು ಬಿಟ್ಟರು. ಸಂಡಿಗೆ ಹಾಕುವುದನ್ನೂ ಬಿಟ್ಟರು.

ಸಿಟ್ಟು ಜಾಸ್ತಿ ಅಂತ ಬರುವವರಿಗೆ ಸಿಟ್ಟಿನ ಬಗ್ಗೆ ಕೇಳುವ ಮೊದಲು ನಿದ್ದೆ, ಊಟ ಮತ್ತು ಮುಟ್ಟಿನ ಬಗ್ಗೆ ಕೇಳುತ್ತೇನೆ. ಹೆಂಗಸರ ವಿಷಯದಲ್ಲಂತೂ ಇದನ್ನು ಬಿಡುವುದೇ ಇಲ್ಲ. ನಮ್ಮಲ್ಲಿ ಹೆಂಗಸರ ಸುಸ್ತು ಯಾರ ಕಣ್ಣಿಗೂ ಬೀಳುವುದಿಲ್ಲ, ಸಿಟ್ಟು ಮಾತ್ರ ಎಲ್ಲರಿಗೂ ಕಾಣುತ್ತದೆ.

ಸುಧಾ ಅವರ ಮನೆ ಮೇಲಿನ ಮಹಡಿಯಲ್ಲಿದೆ. ದಿನವಿಡೀ ಕಾದ ಕಾಂಕ್ರೀಟ್ ತಾರಸಿ ರಾತ್ರಿ ಆ ಶಾಖವನ್ನು ಮನೆಯೊಳಗೆ ಬಿಡುತ್ತದೆ. ದಾವಣಗೆರೆಯ ಬೇಸಿಗೆಯಲ್ಲಿ ಅಂಥ ಮನೆ ತಣ್ಣಗಾಗುವಾಗ ನಡುರಾತ್ರಿ ದಾಟಿರುತ್ತದೆ. ಇರುವ ಒಂದು ಕೂಲರ್ ಅತ್ತೆ ಮತ್ತು ಮಕ್ಕಳ ರೂಮಿನಲ್ಲಿದೆ. ಸುಧಾಗೆ ಒಂದು ಗಂಟೆಗೆ ನಿದ್ದೆ ಹತ್ತುತ್ತದೆ, ಐದಕ್ಕೆ ಏಳಬೇಕು. ಅದಕ್ಕಿಂತ ಮುಂಚೆ ಮಾರ್ಚ್ ಇಡೀ ಹೀಗೇ ಕಳೆದಿತ್ತು. ವರ್ಷದ ಲೆಕ್ಕ ಮುಗಿಸುವ ಒತ್ತಡ, ಸಾಲ ವಸೂಲಿಯ ಗುರಿ, ಬೆಳೆಸಾಲ ನವೀಕರಣಕ್ಕೆ ನಿಂತ ರೈತರು, ತೆರಿಗೆ ಉಳಿಸಲು ಕೊನೇ ದಿನಗಳಲ್ಲಿ ಓಡಿ ಬರುವವರು. ಏಪ್ರಿಲ್ 1ರಂದು ಬ್ಯಾಂಕಿನ ಬಾಗಿಲು ಜನರಿಗೆ ಮುಚ್ಚಿರುತ್ತದೆ. ಒಳಗೆ ಕೂತವರಿಗೆ ಅಂದೂ ಕೆಲಸವೇ. ಇದರ ನಡುವೆ ಯುಗಾದಿ, ಮಕ್ಕಳ ಪರೀಕ್ಷೆ ಬೇರೆ.

ಮುಟ್ಟಿನ ಬಗ್ಗೆ ಕೇಳಿದಾಗ ಸ್ವಲ್ಪ ಹಿಂಜರಿದರು. ಒಂದು ವರ್ಷದಿಂದ ತುಂಬಾ ರಕ್ತಸ್ರಾವ, ಮೆಟ್ಟಿಲು ಹತ್ತಿದರೆ ಏದುಸಿರು. ಯಾರಿಗೂ ಹೇಳಿರಲಿಲ್ಲ. ಆ ದಿನವೇ ವೈದ್ಯರ ಹತ್ತಿರ ಕಳಿಸಿದೆ. ಥೈರಾಯ್ಡ್ ಸರಿಯಿತ್ತು. ಹಿಮೋಗ್ಲೋಬಿನ್ 9.2 ಇತ್ತು. ಗರ್ಭಿಣಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ವೈದ್ಯರು ಕಬ್ಬಿಣದ ಮಾತ್ರೆ ಶುರು ಮಾಡಿದರು, ರಕ್ತಸ್ರಾವದ ಕಾರಣ ತಿಳಿಯಲು ಸ್ಕ್ಯಾನಿಂಗ್ ಮಾಡಿಸಲು ಹೇಳಿದರು. ಊಟದ ಜೊತೆಗೆ ಟೀ ಕುಡಿಯಬೇಡಿ ಎಂದೂ ಹೇಳಿದರು. ಟೀ ಕಬ್ಬಿಣಾಂಶ ದೇಹಕ್ಕೆ ಹತ್ತುವುದನ್ನು ತಡೆಯುತ್ತದೆ. ಸುಧಾ ಬ್ಯಾಂಕಿನಲ್ಲಿ ಊಟ ಮುಗಿಸಿದ ಕೂಡಲೇ ಟೀ ಕುಡಿಯುವವರು.

ಬದುಕು ಬೇಡ ಅನ್ನಿಸುತ್ತದೆಯಾ, ಮನೆಯಲ್ಲಿ ಹೊಡೆತ ಬಡಿತ ಇದೆಯಾ ಅಂತ ನೇರವಾಗಿ ಕೇಳಿದೆ. ಎರಡೂ ಇರಲಿಲ್ಲ. ಇದ್ದಿದ್ದರೆ ಮುಂದಿನ ದಾರಿಯೇ ಬೇರೆ. ಓದುವವರಲ್ಲಿ ಯಾರಿಗಾದರೂ ಬದುಕು ಬೇಡ ಅನ್ನಿಸುತ್ತಿದ್ದರೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಸುಧಾಗೆ ಕೊಟ್ಟ ಮೊದಲ ಸಲಹೆ ನಿದ್ದೆಯದು. ಬೇಸಿಗೆ ಮುಗಿಯುವವರೆಗೆ ಎಲ್ಲರೂ ಕೂಲರ್ ಇರುವ ರೂಮಿನಲ್ಲೇ ಮಲಗಿ, ಇಲ್ಲವೇ ಸೊಳ್ಳೆಪರದೆ ಕಟ್ಟಿಕೊಂಡು ತಾರಸಿಗೆ ಹೋಗಿ ಎಂದೆ. ತಾರಸಿಯಲ್ಲಿ ಮಲಗುವುದು ನಮ್ಮ ಕಡೆ ಹೊಸದೇನಲ್ಲ. ತಾರಸಿಗೆ ಬಿಳಿ ಸುಣ್ಣ ಬಳಿಸಿದರೆ ಶಾಖ ಎಷ್ಟೋ ಕಡಿಮೆಯಾಗುತ್ತದೆ. ಬೆಳಗಿನ ಐದು ಗಂಟೆಯನ್ನು ಆರು ಮಾಡಲು ಏನು ಬಿಡಬಹುದು ಅಂತ ಕೇಳಿದೆ. ರಜೆಯಲ್ಲಿ ಮಕ್ಕಳಿಗೆ ಎಂಟು ಗಂಟೆಗೆ ಬಿಸಿ ತಿಂಡಿ ಬೇಕೇ ಬೇಕಾ? ಯೋಚಿಸಿ, “ಬೇಡ” ಎಂದರು.

ಸಿಟ್ಟು ಬಂದಾಗ ಒಂದರಿಂದ ಹತ್ತು ಎಣಿಸಿ ಅಂತ ನಾನು ಹೇಳಲಿಲ್ಲ. ಹೇಳುವುದು ಸುಲಭ, ಆದರೆ ನಾಲ್ಕು ಗಂಟೆ ನಿದ್ದೆ ಮಾಡಿದವರಿಗೆ ಅದರಿಂದ ದೊಡ್ಡ ಉಪಯೋಗವಿಲ್ಲ. ಬದಲಿಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ ಎಂದೆ. ಸಿಟ್ಟು ಬಂದ ದಿನ, ಅದಕ್ಕೂ ಹಿಂದಿನ ಎರಡು ಗಂಟೆಯಲ್ಲಿ ಏನೇನಾಯಿತು ಅಂತ ಮಾತ್ರ ಬರೆಯುವುದು. ಯಾರ ತಪ್ಪು ಅಂತ ಬರೆಯುವ ಹಾಗಿಲ್ಲ. ಎರಡು ವಾರದಲ್ಲಿ ಒಂದು ವಿಷಯ ಸ್ಪಷ್ಟವಾಯಿತು. ಸಿಟ್ಟೆಲ್ಲ ಬರುತ್ತಿದ್ದದ್ದು ಸಂಜೆ ಮನೆಗೆ ಕಾಲಿಟ್ಟ ಅರ್ಧ ಗಂಟೆಯೊಳಗೆ, ಅಥವಾ ಎಲ್ಲಿಗಾದರೂ ಹೊರಡುವ ಗಡಿಬಿಡಿಯಲ್ಲಿ. ಬ್ಯಾಂಕಿನಲ್ಲಿ ಗ್ರಾಹಕರು ಎಷ್ಟೇ ಕೂಗಾಡಿದರೂ ಒಮ್ಮೆಯೂ ಬಂದಿರಲಿಲ್ಲ. ಅದನ್ನು ನೋಡಿ ಸುಧಾ ತಾವಾಗಿಯೇ ಹೇಳಿದರು: “ಅಂದ್ರೆ ನನ್ನ ಸ್ವಭಾವವೇ ಹೀಗೆ ಅಂತ ಅಲ್ಲ ಅಲ್ವಾ, ಮೇಡಂ?” ಅಲ್ಲ. ಸ್ವಭಾವವಾಗಿದ್ದರೆ ಬ್ಯಾಂಕಿನಲ್ಲೂ ಬರಬೇಕಿತ್ತು.

ಮುಂದಿನ ಸಲ ಪತಿಯೂ ಬಂದರು. ಒಳ್ಳೆಯ ಮನುಷ್ಯ. “ಹೇಳಿದ್ರೆ ಮಾಡ್ತೀನಿ ಮೇಡಂ, ಇವಳು ಹೇಳೋದೇ ಇಲ್ಲ” ಎಂದರು. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ. ಏನು ಆಗಬೇಕು, ಯಾವಾಗ ಆಗಬೇಕು ಅಂತ ತಲೆಯಲ್ಲಿ ಇಟ್ಟುಕೊಳ್ಳುವುದೇ ದೊಡ್ಡ ಕೆಲಸ. ಅದನ್ನು ನೆನಪಿಟ್ಟು ಇನ್ನೊಬ್ಬರಿಗೆ ಹೇಳುವುದು ಅದರ ಮೇಲೆ ಮತ್ತೊಂದು ಕೆಲಸ. ಆ ಪ್ರವಾಸ ಮನೆಯ ನಾಲ್ವರಿಗೆ ರಜೆ, ಸುಧಾಗೆ ಮಾತ್ರ ಮನೆಗೆಲಸ ಕಾರಿನಲ್ಲಿ ಮುಂದುವರಿದಿತ್ತು.

ಹಾಗಾಗಿ ಕೆಲಸವನ್ನು ತುಂಡು ತುಂಡಾಗಿ ಹಂಚಬೇಡಿ, ಪೂರ್ತಿ ಬಿಟ್ಟುಕೊಡಿ ಎಂದೆ. ಅಮ್ಮನ ಬಿಪಿ ಮಾತ್ರೆ ಪತಿಯ ಜವಾಬ್ದಾರಿ ಅಂದರೆ, ಮುಗಿಯುವ ಮೊದಲೇ ನೋಡುವುದು, ತರುವುದು, ಡಬ್ಬಿಗೆ ತುಂಬುವುದು, ಪ್ರವಾಸಕ್ಕೆ ಒಯ್ಯುವುದು ಎಲ್ಲವೂ ಅವರದೇ. ಮಕ್ಕಳ ಬಟ್ಟೆ, ನೀರಿನ ಕ್ಯಾನ್, ಹಾಲಿನವರಿಗೆ ಹೇಳುವುದು ಕೂಡ ಹಾಗೆಯೇ. ಮಗಳಿಗೆ ಹನ್ನೆರಡು ವರ್ಷ, ತನ್ನ ಬ್ಯಾಗ್ ತಾನೇ ತುಂಬಲಿ. ಎಂಟು ವರ್ಷದ ಮಗನೂ ತುಂಬಲಿ. ಹುಡುಗರಿಗೆ ಇದು ಬೇಗ ಅಭ್ಯಾಸವಾಗಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸುಧಾಗೂ ಒಂದು ಷರತ್ತು ಹಾಕಿದೆ. ಪತಿ ಏನಾದರೂ ಮರೆತರೆ ನೀವು ಹಿಂದೆಯೇ ಹೋಗಿ ಸರಿ ಮಾಡಬೇಡಿ, ನೆನಪಿಸಲೂ ಬೇಡಿ. “ಅತ್ತೆ ಮಾತ್ರೆ ಮರೆತರೆ?” ಎಂದು ಗಾಬರಿಯಾದರು. ಅದು ಪ್ರಾಣಕ್ಕೆ ಸಂಬಂಧಿಸಿದ್ದು, ಅದೊಂದನ್ನು ಹೊರಡುವಾಗ ಕೇಳಿ ಎಂದೆ. ಬೆಡ್‌ಶೀಟ್, ಟವೆಲ್, ಚಾರ್ಜರ್ ಮರೆತರೆ ಯಾರೂ ಸಾಯುವುದಿಲ್ಲ.

ಅತ್ತೆಯವರ ಜೊತೆ ಪ್ರತ್ಯೇಕವಾಗಿ ಮಾತಾಡಿದೆ. ಅವರು ಸೊಸೆಯನ್ನು ಬೈಯುತ್ತಾರೆ ಅಂದುಕೊಂಡರೆ ಹಾಗಾಗಲಿಲ್ಲ. “ಅಕಿ ಕೆಟ್ಟಾಕಿ ಅಲ್ಲ. ಬೆಳಗ್ಗೆ ಐದಕ್ಕೆ ಎದ್ದು ಸಂಡಿಗಿ ಹಾಕ್ತೀನಿ, ದಿನಾ ಎರಡೂ ಹುಡುಗರನ್ನ ನೋಡ್ಕೋತೀನಿ. ಮನಿಯಾಗ ಕೂತು ಏನ್ ಮಾಡ್ತೀರಿ ಅಂದ್ಳಲ್ಲ, ಅದು ಚುಚ್ಚಿತು” ಎಂದರು. ಇನ್ನೊಂದು ವಿಷಯವನ್ನೂ ಹೇಳಿದರು. ಗಂಡ ಬದುಕಿದ್ದಾಗ ಇಬ್ಬರೂ ಶೃಂಗೇರಿಗೆ ಹೋದರೆ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನುಗಳಿಗೆ ಮಂಡಕ್ಕಿ ಹಾಕುತ್ತಿದ್ದರಂತೆ. ಈ ಸಲವೂ ಒಂದು ಚೀಲ ಮಂಡಕ್ಕಿ ಒಯ್ದಿದ್ದರು. ಮನೆಯವರ ನಡುವೆ ಮಾತಿಲ್ಲ, ಮಕ್ಕಳಿಗೆ ಅವಸರ, ಸುಧಾ ಅವರ ಪತಿಯೂ ಹೊರಡೋಣ ಅಂದರು. ಚೀಲ ಬಿಚ್ಚದೆ ವಾಪಸ್ ಬಂತು. ಪ್ರವಾಸದಲ್ಲಿ ನಿಮಗೇನು ಬೇಕು ಅಂತ ಆ ಹಿರಿಯರನ್ನು ಒಬ್ಬರೂ ಕೇಳಿರಲಿಲ್ಲ. ಅವರ ಅನುಮತಿ ಪಡೆದು ಇದನ್ನು ಸುಧಾಗೆ ತಿಳಿಸಿದೆ.

ಕ್ಷಮೆ ಕೇಳುವುದು ಹೇಗೆ ಅಂತ ಸುಧಾ ಕೇಳಿದರು. ಮಕ್ಕಳ ಮುಂದೆ, ಪತಿಯ ಮುಂದೆ ಬೇಡ, ಇಬ್ಬರೇ ಇರುವಾಗ ಕೇಳಿ ಎಂದೆ. ಮಾತು ಚಿಕ್ಕದಾಗಿರಲಿ: “ಅತ್ತೆ, ಮನೇಲಿ ಕೂತು ಏನು ಮಾಡ್ತೀರಿ ಅಂದಿದ್ದು ನನ್ನ ತಪ್ಪು. ನೀವಿಲ್ಲದಿದ್ರೆ ನಾನು ಕೆಲಸಕ್ಕೆ ಹೋಗೋಕೇ ಆಗಲ್ಲ.” ಅಲ್ಲಿಗೆ ನಿಲ್ಲಿಸಬೇಕು. “ಆದ್ರೆ ನೀವೂ ಹಾಗನ್ನಬಾರದಿತ್ತು” ಅಂತ ಸೇರಿಸಿದರೆ ಅದು ಮತ್ತೊಂದು ಜಗಳ. ಅಡುಗೆಯ ಬಗ್ಗೆ ಊಟದ ಹೊತ್ತಲ್ಲಿ ಮಾತು ಬೇಡ ಎನ್ನುವ ಕೋರಿಕೆ ನ್ಯಾಯವಾದದ್ದೇ. ಅದನ್ನು ಬೇರೆ ದಿನ, ಇಬ್ಬರೂ ಆರಾಮಾಗಿರುವಾಗ ಹೇಳಿ ಎಂದೆ.

ಕ್ಷಮೆ ಕೇಳಿದ ದಿನ ಅತ್ತೆ “ಆತು ಬಿಡು” ಅಂದರಂತೆ, ಅಷ್ಟೇ. ಸುಧಾಗೆ ನಿರಾಸೆಯಾಯಿತು. ಅಪ್ಪಿಕೊಂಡು ಅಳುತ್ತಾರೆ ಅಂದುಕೊಂಡಿದ್ದರು. ಹಿರಿಯರಿಗೆ ಸ್ವಲ್ಪ ಸಮಯ ಕೊಡಿ ಎಂದೆ. ನಾಲ್ಕು ದಿನ ಬಿಟ್ಟು ಬಾಡಿದ ಮುಖದಲ್ಲಿ ಬ್ಯಾಂಕಿನಿಂದ ಬಂದ ಸೊಸೆಗೆ ಅತ್ತೆ ತಾವೇ ಮಜ್ಜಿಗೆ ಕೊಟ್ಟರು. ಮನೆಗೆ ಬಂದ ಮೇಲೆ ಅರ್ಧ ಗಂಟೆ ಯಾರೂ ಸುಧಾಗೆ ಏನೂ ಕೇಳಬಾರದು ಅಂತ ಅಷ್ಟರಲ್ಲಿ ಮಗಳು ಮನೆಯಲ್ಲಿ ನಿಯಮ ಮಾಡಿದ್ದಳು.

ಮೇ ಎರಡನೇ ಶನಿವಾರ ಮತ್ತೆ ಹೊರಟರು. ಹೋಗಲೇಬೇಕಾ ಅಂತ ಮೊದಲು ಯೋಚಿಸಿ ಎಂದಿದ್ದೆ. ಎರಡು ದಿನ ಮನೆಯಲ್ಲಿ ಸುಮ್ನೆ ಇರುವುದೂ ರಜೆಯೇ. ಮಕ್ಕಳಿಗೆ ಆನೆ ನೋಡಲೇಬೇಕಿತ್ತು. ಈ ಸಲ ಸಕ್ರೆಬೈಲು ಒಂದೇ, ಸಂಜೆಗೆ ವಾಪಸ್. ಬುತ್ತಿ ಕಟ್ಟಲಿಲ್ಲ, ಶಿವಮೊಗ್ಗದ ಹೋಟೆಲಿನಲ್ಲೇ ತಿಂದರು. ಪತಿ ಮಗನ ವಾಂತಿ ಮಾತ್ರೆ ಮರೆತರು, ಹೊನ್ನಾಳಿ ದಾಟುವುದರೊಳಗೆ ಮಗ ಕಾರಿನಲ್ಲಿ ವಾಂತಿ ಮಾಡಿಕೊಂಡ. ಪತಿಯೇ ಒರೆಸಿದರು. ಪಕ್ಕದಲ್ಲಿ ಕೈಕಟ್ಟಿ ನಿಲ್ಲುವುದು ತಮಗೆ ಬಹಳ ಕಷ್ಟವಾಯಿತು ಎಂದರು ಸುಧಾ. ಆನೆ ಸಿಕ್ಕಿತು. ಶೃಂಗೇರಿಗೆ ಅಮ್ಮನನ್ನು ಒಬ್ಬರನ್ನೇ ಕರೆದುಕೊಂಡು ಹೋಗುವುದಾಗಿ ಪತಿ ಒಪ್ಪಿದ್ದಾರೆ, ದಿನ ಇನ್ನೂ ಗೊತ್ತಾಗಿಲ್ಲ.

ಎಲ್ಲವೂ ಸರಿಹೋಗಿಲ್ಲ. ಪತಿ ಊರಲ್ಲಿಲ್ಲದ ದಿನಗಳಲ್ಲಿ ಹಳೆಯ ಕಥೆಯೇ ನಡೆಯುತ್ತಿದೆ. ಅದಕ್ಕೆ ಪಾತ್ರೆ ಮತ್ತು ಕಸದ ಕೆಲಸಕ್ಕೆ ಒಬ್ಬರನ್ನು ಇಟ್ಟುಕೊಳ್ಳಿ ಎಂದಿದ್ದೇನೆ. ಅತ್ತೆಗೆ ಅದು ಇನ್ನೂ ಒಪ್ಪಿಗೆಯಿಲ್ಲ. ಸ್ಕ್ಯಾನಿಂಗಿನಲ್ಲಿ ಗರ್ಭಕೋಶದಲ್ಲಿ ಸಣ್ಣ ಗಡ್ಡೆ ಕಂಡಿದೆ. ಕ್ಯಾನ್ಸರ್ ಅಲ್ಲ, ಸದ್ಯ ಔಷಧಿ ಸಾಕು ಎಂದಿದ್ದಾರೆ ಸ್ತ್ರೀರೋಗ ತಜ್ಞರು. ಕಬ್ಬಿಣದ ಮಾತ್ರೆ ಮುಂದುವರಿಯುತ್ತಿದೆ. ಹಿಮೋಗ್ಲೋಬಿನ್ ಸರಿಹೋದ ಮೇಲೂ ವೈದ್ಯರು ಹೇಳುವವರೆಗೆ ನಿಲ್ಲಿಸಬೇಡಿ ಎಂದು ನೆನಪಿಸಿದ್ದೇನೆ. ಶಾಲೆ ಶುರುವಾದರೆ ಬೆಳಗಿನ ಗಡಿಬಿಡಿ ಮತ್ತೆ ಬರುತ್ತದೆ. ಜೂನ್ ಮೊದಲ ವಾರ ಇಬ್ಬರೂ ಒಟ್ಟಿಗೆ ಬನ್ನಿ, ಬೆಳಗಿನ ಕೆಲಸವನ್ನು ಕೂತು ಹಂಚೋಣ ಎಂದು ಹೇಳಿ ಕಳಿಸಿದ್ದೇನೆ.