ಕೆಲಸಗಾರರ ಮನೋಭಾವ ಬದಲಾಗದೆ ಸಣ್ಣ ಕಾರ್ಖಾನೆಯಲ್ಲಿ ಲೀನ್ ಪದ್ಧತಿ ನಿಲ್ಲುತ್ತದೆಯೇ?

ನಿಮ್ಮದು ನಲವತ್ತು ಜನರ ಕಾರ್ಖಾನೆ, ಲೇತ್ ಕೆಲಸ. ಲೀನ್, ಅಂದರೆ ದಾಸ್ತಾನು, ಸಮಯ, ಶ್ರಮ ವ್ಯರ್ಥವಾಗದಂತೆ ಕೆಲಸ ನಡೆಸುವ ಟೊಯೋಟ ಮೂಲದ ಪದ್ಧತಿ, ತರಲು ಹೊರಟು 5ಎಸ್ (ಕೆಲಸದ ಜಾಗವನ್ನು ಚೊಕ್ಕಟವಾಗಿ, ಅಚ್ಚುಕಟ್ಟಾಗಿ ಇಡುವ ಕ್ರಮ) ಮಾಡಿಸಿದಿರಿ, ಗೋಡೆಗೆ ಬೋರ್ಡ್ ಹಾಕಿಸಿದಿರಿ, ಮೂರೇ ತಿಂಗಳಲ್ಲಿ ಎಲ್ಲವೂ ಮೊದಲಿನಂತಾಯಿತು. "ನಮ್ಮ ಕೆಲಸಗಾರರಿಗೆ ಆ ಸಂಸ್ಕೃತಿಯೇ ಇಲ್ಲ. ಮೊದಲು ಅದನ್ನು ಬದಲಾಯಿಸಬೇಕೋ, ಮೊದಲು ಸಾಧನಗಳನ್ನು ತರಬೇಕೋ" ಎಂದು ಕೇಳಿದ್ದೀರಿ. ಹನ್ನೊಂದು ವರ್ಷಗಳ ಹಿಂದೆ ನಾನು ಇದೇ ಮಾತನ್ನು ಬಹುತೇಕ ಇದೇ ಪದಗಳಲ್ಲಿ ಆಡಿದ್ದೆ. ಅದರ ಬೆಲೆ ತೆತ್ತವನಾದ್ದರಿಂದ ಉತ್ತರ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಮ್ಮಲ್ಲಿ ಆಗ ಐವತ್ತೆಂಟು ಜನರಿದ್ದರು. ಹೈಡ್ರಾಲಿಕ್ ಸಿಲಿಂಡರ್‌ಗಳ ಬಿಡಿಭಾಗ ಮಾಡುತ್ತಿದ್ದೆವು. ಎರಕದ ತುಂಡುಗಳು ಹೊರಗಿನಿಂದ ಬರುತ್ತಿದ್ದವು. ನಾವು ಅವನ್ನು ಲೇತಿನಲ್ಲಿ ಕೆತ್ತಿ, ಬೋರ್ (ಒಳರಂಧ್ರ) ಹೊಡೆದು, ತೊಳೆದು ಕಳುಹಿಸುತ್ತಿದ್ದೆವು. ಅರ್ಧಕ್ಕಿಂತ ಹೆಚ್ಚು ಮಾಲನ್ನು ಒಬ್ಬರೇ ಗಿರಾಕಿ ಕೊಳ್ಳುತ್ತಿದ್ದರು. ಲೀನ್ ಮಾಡಿ ಎಂದು ಹೇಳಿದವರೂ ಅವರೇ.

ಮಾಡಿದೆವು, ಮತ್ತು ಚೆನ್ನಾಗಿಯೇ ಮಾಡಿದೆವು. ಮುಂದಿನ ಕೆಲಸಕ್ಕೆ ಬೇಕಾದ ತುಂಡು ಹಿಡಿಯುವ ಜಾ, ಕೆತ್ತುವ ಟೂಲ್, ಅಳತೆ ನೋಡುವ ಗೇಜುಗಳನ್ನು ಯಂತ್ರ ಓಡುತ್ತಿರುವಾಗಲೇ ಪಕ್ಕದ ಟ್ರಾಲಿಯಲ್ಲಿ ಜೋಡಿಸಿಡುವ ರೂಢಿ ಮಾಡಿದ್ದರಿಂದ ಎರಡೂವರೆ ಗಂಟೆ ತಿನ್ನುತ್ತಿದ್ದ ಸೆಟಪ್ (ಮುಂದಿನ ಕೆಲಸಕ್ಕೆ ಯಂತ್ರ ಅಣಿಮಾಡುವುದು) ಐವತ್ತು ನಿಮಿಷಕ್ಕೆ ಇಳಿಯಿತು. ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ಹೇಳಿಕೊಟ್ಟ ವಿಧಾನ ಅದು, ಯಾವ ಕಾರ್ಖಾನೆಯಲ್ಲಾದರೂ ಫಲ ಕೊಡುತ್ತದೆ. ಎರಡು ಯಂತ್ರಗಳ ನಡುವೆ ಎರಡೇ ಟ್ರೇ ಎಂಬ ನಿಯಮ ತಂದೆವು. ಮೂರು ವಾರಕ್ಕಾಗುವಷ್ಟು ರಾಶಿ ಬಿದ್ದಿರುತ್ತಿದ್ದ ತಯಾರಾದ ಮಾಲು ನಾಲ್ಕು ದಿನದ ಮಟ್ಟಕ್ಕೆ ಬಂತು. ನೆಲ ಕಾಣಿಸಿತು. ಕೊನೆಗೆ ಪ್ರತಿ ಯಂತ್ರದ ಮೇಲೂ ಒಂದು ಕೆಂಪು ದೀಪ ಕೂರಿಸಿದೆವು. ಏನಾದರೂ ಸರಿಯಿಲ್ಲ ಅನ್ನಿಸಿದರೆ ಯಂತ್ರ ನಿಲ್ಲಿಸಿ ದೀಪ ಹಾಕಿ, ನಾವು ಬರುತ್ತೇವೆ ಎಂದು ಎಲ್ಲರನ್ನೂ ಕೂರಿಸಿಕೊಂಡು ಹೇಳಿದೆ. ಹೇಳುವಾಗ ಮನಸ್ಸಿನಲ್ಲಿ ಕಪಟವಿರಲಿಲ್ಲ.

ಏಳನೆಯ ವಾರ ಮೊದಲ ದೀಪ ಉರಿಯಿತು. ಸಂಜೆ ಐದೂಕಾಲು, ಲಾರಿ ಬಾಗಿಲಲ್ಲಿ ನಿಂತಿದೆ, ಎಂಬತ್ತು ತುಂಡು ಬಾಕಿ. ಮೂರನೆಯ ಲೇತಿನಲ್ಲಿ ಒಬ್ಬ ಚಿಕ್ಕ ವಯಸ್ಸಿನ ಆಪರೇಟರ್, ಸೇರಿ ಒಂದು ವರ್ಷವೂ ಆಗಿರಲಿಲ್ಲ, ಮಾತು ಕಡಿಮೆ. ನಾನು ಕಚೇರಿಯಿಂದ ಇಳಿದು ಹೋಗಿ ಕೇಳಿದ ಮೊದಲ ಮಾತು: "ಯಾರು ನಿಲ್ಲಿಸಿದ್ದು?"

ಕೂಗಲಿಲ್ಲ. ಬೈಯಲಿಲ್ಲ. ದನಿ ಏರಿರಲೂ ಇಲ್ಲ. ಅಂದು ಅಲ್ಲಿದ್ದ ಯಾರನ್ನು ಕೇಳಿದರೂ ಯಜಮಾನರು ಸಮಾಧಾನವಾಗಿಯೇ ಮಾತನಾಡಿದರು ಎಂದೇ ಹೇಳಿಯಾರು. ಅವನು "ನಾನು ಸರ್, ಬೋರ್..." ಎಂದು ಶುರುಮಾಡಿದ. ಅಷ್ಟರಲ್ಲಿ ಫೋರ್‌ಮನ್ ಬಂದರು. ಹತ್ತೊಂಬತ್ತು ವರ್ಷದ ಅನುಭವಿ. ಗೇಜ್ ತೂರಿಸಿ ನೋಡಿದರು, ಬೋರ್ ಬಿಗಿಯಾಗಿತ್ತು. ಎರಡು ಗುಂಡಿ ಒತ್ತಿ ಕೆತ್ತುವ ಅಳತೆಯ ತಿದ್ದುಪಡಿಯನ್ನು, ಅಂದರೆ ಟೂಲ್ ಆಫ್‌ಸೆಟ್ ಬದಲಿಸಿದರು, ಒಂದು ತುಂಡು ಕೆತ್ತಿದರು. ಗೇಜ್ ಸಲೀಸಾಗಿ ಒಳಗೆ ಇಳಿಯಿತು. "ಏನೂ ಇಲ್ಲ ಸರ್, ಓಡುತ್ತದೆ" ಎಂದರು. ನಾನು ಅವರ ಬೆನ್ನು ತಟ್ಟಿದೆ. ದೀಪ ಆರಿತು. ಒಟ್ಟು ಹನ್ನೊಂದು ನಿಮಿಷ. ಲಾರಿ ಹೊರಟಿತು. ಆ ರಾತ್ರಿ ಮನೆಯಲ್ಲಿ, ದೀಪದ ವ್ಯವಸ್ಥೆ ಕೆಲಸ ಮಾಡುತ್ತಿದೆ ಎಂದು ಸಂತೋಷದಿಂದ ಹೇಳಿಕೊಂಡೆ.

ಈ ಹನ್ನೊಂದು ನಿಮಿಷವನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನನ್ನ ಕಾರ್ಖಾನೆಯ ಲೀನ್ ಸತ್ತದ್ದು ಅಲ್ಲೇ. ನಾನು "ಏನಾಯಿತು" ಎಂದು ಕೇಳಬಹುದಿತ್ತು, "ಏನು ಕಂಡಿತು" ಎನ್ನಬಹುದಿತ್ತು. "ಯಾರು" ಎಂದೆ. ಸುತ್ತ ಹತ್ತು ಜನ ಕೈಕೆಲಸ ಬಿಟ್ಟು ನೋಡುತ್ತಿದ್ದರು. ದೀಪ ಹಾಕಿದರೆ ಎಲ್ಲರ ಮುಂದೆ ಹೆಸರು ಹೇಳಬೇಕಾಗುತ್ತದೆ ಎಂಬುದು ಅವರಿಗೆ ತಿಳಿಯಿತು. ಎರಡನೆಯದಾಗಿ, ನಾನು ಬೆನ್ನು ತಟ್ಟಿದ್ದು ದೀಪ ಹಾಕಿದವನದ್ದಲ್ಲ, ಆರಿಸಿದವರದ್ದು. ಮೂರನೆಯದು ನನಗೆ ವರ್ಷಗಳ ನಂತರ ಹೊಳೆಯಿತು: ಮಾತನಾಡುವಾಗ ನಾನು ಎರಡು ಸಲ ಬಾಗಿಲ ಕಡೆ, ಲಾರಿಯ ಕಡೆ ತಿರುಗಿ ನೋಡಿದ್ದೆ. ಅದನ್ನೂ ಅವರು ಗಮನಿಸಿದ್ದರು. ಸಾವಿರಾರು ಜನರ ಕಂಪನಿಯಲ್ಲಿ ಮೇಲಿನವರ ಒಂದು ಮಾತು ಕೆಳಗಿಳಿಯುವ ಹೊತ್ತಿಗೆ ಅರ್ಧ ಸವೆದಿರುತ್ತದೆ. ಐವತ್ತು ಜನರ ಕಡೆ ಹಾಗಾಗುವುದಿಲ್ಲ. ಪಾಳಿ ಮುಗಿದು ಕೈ ತೊಳೆಯುವಷ್ಟರಲ್ಲಿ ಯಜಮಾನನ ಒಂದು ಪ್ರಶ್ನೆ ಎಲ್ಲರಿಗೂ ತಲುಪಿ ನಿಯಮವಾಗಿಬಿಟ್ಟಿರುತ್ತದೆ. ನೀವು ಸಂಸ್ಕೃತಿ ಎಂದು ಕರೆಯುತ್ತಿರುವುದು ಇದನ್ನೇ.

ಆ ಹುಡುಗ ಹೇಳಹೊರಟಿದ್ದೇನು ಗೊತ್ತೇ? ಇನ್ಸರ್ಟಿನ (ಟೂಲಿನ ತುದಿಗೆ ಕೂರಿಸುವ ಕೆತ್ತುವ ಚೂರು) ಒಂದು ಮೂಲೆ ಇನ್ನೂರು ತುಂಡು ಕೆತ್ತಬೇಕಾದದ್ದು ನೂರಿಪ್ಪತ್ತಕ್ಕೇ ಸವೆಯುತ್ತಿದೆ, ಹೊಸದಾಗಿ ಬಂದ ಎರಕ ಗಟ್ಟಿಯಾಗಿದೆ ಎಂದು. ಇನ್ಸರ್ಟ್ ಸವೆದರೆ ಬೋರ್ ಚಿಕ್ಕದಾಗುತ್ತದೆ. ಆಫ್‌ಸೆಟ್ ಕೊಟ್ಟರೆ ಅಳತೆ ಸರಿಹೋಗುತ್ತದೆ, ಆದರೆ ಸವೆದ ಮೂಲೆ ಒಳಮೈಯನ್ನು ಒರಟಾಗಿಸುತ್ತಲೇ ಇರುತ್ತದೆ. ಗೇಜಿಗೆ ಅಳತೆ ಮಾತ್ರ ಗೊತ್ತು, ಒರಟುತನ ಗೊತ್ತಿಲ್ಲ. ಎಣ್ಣೆ ಸೋರದಂತೆ ತಡೆಯುವ ಸೀಲ್ ಆ ಒಳಮೈಗೇ ಒತ್ತಿ ಕೂರಬೇಕು.

ಆಮೇಲೆ ಐದು ತಿಂಗಳು ಒಂದೇ ಒಂದು ದೀಪ ಉರಿಯಲಿಲ್ಲ. ಗೋಡೆಯ ಬೋರ್ಡಿನಲ್ಲಿ ರಿಜೆಕ್ಷನ್ (ತಿರಸ್ಕರಿಸಿದ ತುಂಡು) ತೋರಿಸುವ ಕೆಂಪು ಅಂಕಿಗಳು ಕಡಿಮೆಯಾಗುತ್ತಾ ಬಂದು ಸೊನ್ನೆಗೆ ನಿಂತವು. ಗಿರಾಕಿಯ ಕಡೆಯಿಂದ ತಪಾಸಣೆಗೆ ಬಂದವರಿಗೆ ಆ ಬೋರ್ಡನ್ನು ನಾನೇ ಕರೆದುಕೊಂಡು ಹೋಗಿ ತೋರಿಸಿದೆ. ಅತ್ತ ಸ್ಟೋರಿನ ರಿಜಿಸ್ಟರಿನಲ್ಲಿ ಇನ್ಸರ್ಟಿನ ಖರ್ಚು ಮೂರನೇ ಒಂದು ಪಾಲು ಏರಿತ್ತು. ಸ್ಟೋರಿನವರು ದಿನಕ್ಕೆ ಇಷ್ಟೇ ಎಂದು ಬಿಗಿಹಿಡಿದಾಗ ಆಪರೇಟರುಗಳು ಆಫ್‌ಸೆಟ್ ಕೊಟ್ಟು ಹಳೆಯ ಮೂಲೆಯನ್ನೇ ಎಳೆದಾಡಿಸುತ್ತಿದ್ದರು. ಫೋರ್‌ಮನ್ ಎಲ್ಲರೆದುರು ಮಾಡಿ ಬೆನ್ನು ತಟ್ಟಿಸಿಕೊಂಡ ಕೆಲಸವೇ ಅದು, ಅವರೂ ಅದನ್ನೇ ಕಲಿತರು.

ಆರನೆಯ ತಿಂಗಳು ಒಂದು ಇಡೀ ಲಾಟ್ ವಾಪಸು ಬಂತು. ಸಿಲಿಂಡರುಗಳು ಎಣ್ಣೆ ಸೋರುತ್ತಿದ್ದವು. ಮೊದಲಾಗಿದ್ದರೆ ಮೂರು ವಾರದ ರಾಶಿಯಿಂದ ಒಳ್ಳೆಯದನ್ನು ಆರಿಸಿ ಕಳುಹಿಸಿ ಮಾನ ಉಳಿಸಿಕೊಳ್ಳುತ್ತಿದ್ದೆವು. ಈಗ ಇದ್ದದ್ದು ನಾಲ್ಕು ದಿನದ ಮಾಲು, ಅದೂ ಅದೇ ಒರಟು ಬೋರಿನದ್ದು. ಗಿರಾಕಿಯ ಜೋಡಣೆ ಸಾಲು ನಿಂತಿತು. ಆ ಕೆಲಸದ ಅರ್ಧ ಭಾಗವನ್ನು ಅವರು ಬೇರೆಯವರಿಗೆ ಕೊಟ್ಟರು. ನಾವು ಎರಡನೆಯ ಪಾಳಿ ನಿಲ್ಲಿಸಿದೆವು. ಹದಿನಾಲ್ಕು ಜನ ಮನೆಗೆ ಹೋದರು. ಅವರ ಲೆಕ್ಕ ಚುಕ್ತಾ ಮಾಡಿದ ಆ ಮಧ್ಯಾಹ್ನವನ್ನು ನಾನು ಮರೆತಿಲ್ಲ.

ಲೀನ್ ಕಲಿಸುವವರು ಸಾಕಷ್ಟು ಒತ್ತಿ ಹೇಳದ ಸಂಗತಿ ಇದು ಎಂದು ನನ್ನ ಎಣಿಕೆ. ರಾಶಿ ರಾಶಿ ದಾಸ್ತಾನು ಇರುವ ಕಡೆ ಕೆಲಸಗಾರ ಬಾಯಿ ಬಿಡದಿದ್ದರೂ ಹೇಗೋ ನಡೆದುಹೋಗುತ್ತದೆ, ರಾಶಿ ಎಲ್ಲವನ್ನೂ ಮುಚ್ಚಿಕೊಳ್ಳುತ್ತದೆ. ದಾಸ್ತಾನು ಇಳಿಸಿದ ದಿನದಿಂದ ಪ್ರತಿ ತೊಂದರೆಯೂ ಹುಟ್ಟಿದ ಗಂಟೆಯಲ್ಲೇ ಯಾರಾದರೂ ಹೇಳಬೇಕು, ಇಲ್ಲವಾದರೆ ಅದು ನೇರ ಗಿರಾಕಿಯ ಮನೆಗೆ ಹೋಗುತ್ತದೆ. ಹೇಳಲು ಅಂಜುವ ಜನರನ್ನಿಟ್ಟುಕೊಂಡು ಲೀನ್ ಮಾಡುವುದಕ್ಕಿಂತ ಮಾಡದಿರುವುದೇ ಸುರಕ್ಷಿತ. ಇದನ್ನು ಉತ್ಪ್ರೇಕ್ಷೆ ಮಾಡಿ ಬರೆಯುತ್ತಿಲ್ಲ.

ಲಾಟ್ ವಾಪಸು ಬಂದ ವಾರ ಆ ಹುಡುಗನನ್ನು ಕರೆದು, ಎರಕ ಗಟ್ಟಿಯಿರುವುದು ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನಾನು ಆವತ್ತೇ ದೀಪ ಹಾಕಿದ್ದೆನಲ್ಲ ಸರ್" ಎಂದ. ಅಷ್ಟೇ ಹೇಳಿದ. ನನಗೆ ಉತ್ತರ ಇರಲಿಲ್ಲ. ಎರಕದವರನ್ನು ವಿಚಾರಿಸಿದರೆ, ಆತುರಕ್ಕೆ ಅಚ್ಚು ಬೇಗ ಒಡೆದು ಬಿಸಿ ತುಂಡನ್ನು ಹೊರತೆಗೆಯುತ್ತಿದ್ದರು. ಬೇಗ ತಣಿದ ಎರಕ ಗಟ್ಟಿಯಾಗುತ್ತದೆ. ಒಂದು ಫೋನಿನಲ್ಲಿ ಮುಗಿಯಬಹುದಾಗಿದ್ದ ಮಾತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅದರ ಬುಡವನ್ನೇ ನಾನು ಒಪ್ಪುವುದಿಲ್ಲ. ಕೆಲಸಗಾರರಿಗೆ ಸಂಸ್ಕೃತಿ ಇಲ್ಲ ಎನ್ನುವವರಿಗೆ ನಾನು ನುಮ್ಮಿ ಕಾರ್ಖಾನೆಯ ಉದಾಹರಣೆ ಕೊಡುತ್ತೇನೆ. ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಜನರಲ್ ಮೋಟಾರ್ಸ್‌ನ ಕಾರ್ಖಾನೆಯೊಂದಿತ್ತು. ಗೈರುಹಾಜರಿ, ಜಗಳ, ಕಳಪೆ ಕಾರುಗಳಿಗೆ ಹೆಸರಾಗಿ 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೋಟ ಕಂಪನಿ ಜನರಲ್ ಮೋಟಾರ್ಸ್ ಜೊತೆ ಸೇರಿ ಅದನ್ನೇ ನುಮ್ಮಿ ಎಂಬ ಹೆಸರಿನಲ್ಲಿ ತೆರೆಯಿತು. ಸೇರಿಸಿಕೊಂಡವರಲ್ಲಿ ಬಹುಪಾಲು ಅದೇ ಹಳೆಯ ಕೆಲಸಗಾರರು, ಕಾರ್ಮಿಕ ಸಂಘವೂ ಅದೇ. ಸ್ವಲ್ಪ ಕಾಲದಲ್ಲೇ ಅಲ್ಲಿಂದ ಹೊರಬಂದ ಕಾರುಗಳು ಅಮೆರಿಕದ ಒಳ್ಳೆಯ ಕಾರುಗಳ ಸಾಲಿಗೆ ಸೇರಿದವು. ಜನರ ಮನೋಭಾವಕ್ಕೆ ಉಪನ್ಯಾಸ ಕೊಟ್ಟು ಇದನ್ನು ಮಾಡಲಿಲ್ಲ. ಹಗ್ಗ ಎಳೆದು ಸಾಲನ್ನು ನಿಲ್ಲಿಸುವ ಅಧಿಕಾರ ಕೊಟ್ಟರು, ಎಳೆದಾಗ ತಂಡದ ಮುಖ್ಯಸ್ಥ ಓಡಿಬಂದು ಸಹಾಯ ಮಾಡಿದ. ಲೀನ್ ಎಂಬ ಹೆಸರನ್ನು 1988ರಲ್ಲಿ ಈ ಪದ್ಧತಿಗೆ ಕೊಟ್ಟ ಜಾನ್ ಕ್ರಾಫ್ಸಿಕ್ ಕೂಡ ಅದೇ ನುಮ್ಮಿಯಲ್ಲಿ ಎಂಜಿನಿಯರ್ ಆಗಿದ್ದವರು.

ಅದೆಲ್ಲ ದೊಡ್ಡವರ ಕಥೆ ಎನ್ನಬೇಡಿ. 1950ರಲ್ಲಿ ಟೊಯೋಟ ದಿವಾಳಿಯ ಅಂಚಿನಲ್ಲಿತ್ತು. ಜನರನ್ನು ಕೆಲಸದಿಂದ ತೆಗೆಯಬೇಕಾಗಿ ಬಂತು, ಮುಷ್ಕರವಾಯಿತು. ಕಂಪನಿ ಕಟ್ಟಿದ ಕಿಯಿಚಿರೊ ಟೊಯೋಡ ಅದರ ಹೊಣೆ ಹೊತ್ತು ಅಧ್ಯಕ್ಷ ಸ್ಥಾನ ಬಿಟ್ಟು ಇಳಿದರು. ಅವರ ತಂದೆ ಸಕಿಚಿ, ನೂಲು ಹರಿದೊಡನೆ ತಾನಾಗಿ ನಿಲ್ಲುವ ಮಗ್ಗಗಳನ್ನು ಮಾಡಿದವರು. ನೂಲು ಹರಿದಾಗ ಮಗ್ಗವನ್ನು ಯಾರೂ ಗದರುವುದಿಲ್ಲ, ಹರಿದ ಎಳೆಯನ್ನು ಹುಡುಕುತ್ತಾರೆ. ನಾನು ದೀಪವನ್ನು ತಂದೆ, ಹೀಗೆ ಹುಡುಕುವ ಬುದ್ಧಿಯನ್ನು ತರಲಿಲ್ಲ.

ಮೊದಲು ಸಾಧನವೋ ಸಂಸ್ಕೃತಿಯೋ ಎಂಬ ಚರ್ಚೆಗೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ಸಾಧನ ತನ್ನಿ. ತಂದ ಮೇಲೆ ಮೊದಲ ತೊಂದರೆಯಲ್ಲಿ ನೀವು ಹೇಗೆ ನಡೆದುಕೊಳ್ಳುತ್ತೀರೋ ಅದನ್ನು ನೋಡಿ ಜನ ತೀರ್ಮಾನಿಸುತ್ತಾರೆ. ಮನೋಭಾವದ ಸಮೀಕ್ಷೆ, ಪ್ರತಿಜ್ಞೆ, ಘೋಷಣೆಯ ಫಲಕ ಇವು ಬೇಡ. ಸೊನ್ನೆ ರಿಜೆಕ್ಷನ್ನಿಗೆ ಬಹುಮಾನವಂತೂ ಖಂಡಿತ ಬೇಡ, ಅದು ಮುಚ್ಚಿಡಲು ಕೊಡುವ ಕೂಲಿ. ಇನ್ನೊಂದು, ಸೆಟಪ್ ಸಮಯ ಉಳಿಯಿತೆಂದು ಒಬ್ಬರನ್ನಾದರೂ ಕೆಲಸದಿಂದ ತೆಗೆದಿರೋ, ಅಂದೇ ನಿಮ್ಮ ಲೀನ್ ಮುಗಿಯಿತು. ತನ್ನ ಕೆಲಸವನ್ನೇ ಕಿತ್ತುಕೊಳ್ಳುವ ಸುಧಾರಣೆಯನ್ನು ಯಾರು ತಾನೇ ಸೂಚಿಸುತ್ತಾರೆ?

ನಾವು ಮತ್ತೆ ಶುರುಮಾಡಿದ್ದು ಹೀಗೆ. ಒಂದು ಬೆಳಿಗ್ಗೆ ಪಾಳಿ ಆರಂಭದಲ್ಲಿ ಎಲ್ಲರೆದುರು ನಿಂತು ಆ ಹನ್ನೊಂದು ನಿಮಿಷದ ವಿಷಯ ಹೇಳಿ, ತಪ್ಪು ನನ್ನದು ಎಂದೆ. ಯಾರೂ ನಂಬಲಿಲ್ಲ, ನಂಬಬೇಕಾದ ಕಾರಣವೂ ಇರಲಿಲ್ಲ. ನನ್ನ ಮೇಜನ್ನು ಕಚೇರಿಯಿಂದ ಕೆಳಗೆ, ಲೇತುಗಳ ಪಕ್ಕಕ್ಕೆ ಇಳಿಸಿದೆ. ಆರು ವಾರ ಒಂದು ದೀಪವೂ ಇಲ್ಲ. ಏಳನೆಯ ವಾರ ತೊಳೆಯುವ ವಿಭಾಗದ ಹೆಂಗಸೊಬ್ಬರು ದೀಪ ಹಾಕಿದರು. ಹೋಗಿ ನೋಡಿದರೆ ತುಂಡಿನ ಮೇಲಲ್ಲ, ಟ್ರೇಯ ಮೇಲೆ ಗೀರು. ಅಂದೂ ಲಾರಿ ನಿಂತಿತ್ತು. ನಾನು "ಏನು ಕಂಡಿತಮ್ಮ, ತೋರಿಸಿ" ಎಂದು ಕೇಳಿ, ಇಪ್ಪತ್ತು ನಿಮಿಷ ಅವರೊಡನೆ ಒಂದೊಂದೇ ಟ್ರೇ ಮಗುಚಿ ನೋಡಿದೆ. ಆ ವಾರದಲ್ಲೇ ಇನ್ನೂ ನಾಲ್ಕು ದೀಪ ಉರಿದವು.

ಕಷ್ಟವಾದದ್ದು ಫೋರ್‌ಮನ್ನರ ವಿಷಯ. ಹತ್ತೊಂಬತ್ತು ವರ್ಷ ಅವರ ಮರ್ಯಾದೆಯೆಲ್ಲ ನಿಂತಿದ್ದು ಹೊತ್ತಿದ ಬೆಂಕಿ ಆರಿಸುವುದರ ಮೇಲೆ. ಬೆಂಕಿಯೇ ಹೊತ್ತದ ಹಾಗೆ ಮಾಡಿದರೆ ಅವರಿಗೇನು ಉಳಿಯಿತು? ಕೆಲಸದ ವಿಧಾನ ಬರೆದಿಡಿ ಎಂದರೆ, ತಮ್ಮನ್ನು ಬದಲಾಯಿಸುವ ಹುನ್ನಾರ ಎಂದುಕೊಂಡರು. ಸಣ್ಣ ಕಾರ್ಖಾನೆಗಳಲ್ಲಿ ಇಂಥವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರನ್ನು ಹಳೆಯ ಕಾಲದವರೆಂದು ಪಕ್ಕಕ್ಕೆ ಸರಿಸಬೇಡಿ. ನಾನು ಎಲ್ಲ ದೀಪಗಳ ಮೂಲಕಾರಣ ಹುಡುಕುವ ಹೊಣೆಯನ್ನು ಅವರಿಗೇ ಕೊಟ್ಟೆ, ಎರಕದವರ ಹತ್ತಿರವೂ ಅವರನ್ನೇ ಕಳುಹಿಸಿದೆ. ಪಳಗಲು ಒಂದು ವರ್ಷ ಹಿಡಿಯಿತು. ಆಮೇಲೆ ಅವರಷ್ಟು ಚೆನ್ನಾಗಿ ಆ ಕೆಲಸ ಮಾಡಿದವರು ಇನ್ನೊಬ್ಬರಿಲ್ಲ.

ಕೊನೆಯದಾಗಿ, ನಿಮ್ಮ ಪ್ರಶ್ನೆಯ ಕಡೆಯ ಸಾಲು. ಎಲ್ಲ ಹಳೆಯದಕ್ಕೆ ಮರಳಿದರೂ ನಾಲ್ಕು ತಿಂಗಳಿಂದ ರಿಜೆಕ್ಷನ್ ಮಾತ್ರ ಸೊನ್ನೆಯಿದೆ, ಅದೊಂದು ಸಮಾಧಾನ ಎಂದು ಬರೆದಿದ್ದೀರಿ. ದಯವಿಟ್ಟು ನಾಳೆ ಬೆಳಿಗ್ಗೆ ಬೇರೆ ಯಾವ ಕೆಲಸಕ್ಕೂ ಮೊದಲು ನಿಮ್ಮ ಸ್ಟೋರಿನ ರಿಜಿಸ್ಟರ್ ತರಿಸಿ, ಈ ನಾಲ್ಕು ತಿಂಗಳ ಇನ್ಸರ್ಟ್ ಖರ್ಚನ್ನು ಹಿಂದಿನ ನಾಲ್ಕು ತಿಂಗಳ ಪಕ್ಕದಲ್ಲಿಟ್ಟು ನೋಡಿ.