ತಮ್ಮನ್ನ ‘ಸರಿ ಮಾಡಸ್ಕೊಂಡು’ ಬರಾಕ ಹೋಗಬ್ಯಾಡ ತಂಗಿ

ಅಕ್ಕಾರ ನಮಸ್ಕಾರ. ನಮ್ಮ ತವರುಮನಿ ಹಾವೇರಿ ಕಡೆ ಒಂದು ಹಳ್ಳಿ, ನನ್ನ ಕೊಟ್ಟಿದ್ದು ಗದಗಕ್ಕ. ನನ್ನ ತಮ್ಮಗ 25 ವರ್ಷ, ಹುಬ್ಬಳ್ಳ್ಯಾಗ ರೂಮ್ ಮಾಡ್ಕೊಂಡು ಗೋಕುಲ ರೋಡಿನ ಕಡೆ ಒಂದು ಕಂಪನ್ಯಾಗ ಕೆಲಸಾ ಮಾಡ್ತಾನ. ದೀಪಾವಳಿಗೆ ಬಂದಾಗ ತನಗ ಹುಡುಗ್ಯಾರ ಮ್ಯಾಲ ಮನಸ್ಸು ಬರೂದಿಲ್ಲ, ಹುಡುಗರ ಮ್ಯಾಲ ಬರತೈತಿ, ತಿಳುವಳಿಕಿ ಬಂದಾಗಿಂದ ಹಿಂಗ ಅಂತ ನನ್ನ ಮುಂದ ಹೇಳಿ ಅತ್ತ. ಅವ್ವ ಬಾಗಲದಾಗ ನಿಂತು ಎಲ್ಲಾ ಕೇಳಿಸ್ಕೊಂಡ್ಲು. ಆವತ್ತಿನಿಂದ ಮನ್ಯಾಗ ಯಾರಿಗೂ ಊಟ ಸೇರವಲ್ದು. ನಮ್ಮ ಸೋದರಮಾವ ಒಬ್ಬ ಅಜ್ಜಾರ ಜಾಗಾ ಹೇಳ್ಯಾನ, ಅಲ್ಲಿ 41 ದಿನ ಇಟ್ಕೊಂಡು ಪೂಜಿ, ವ್ರತ, ಸೇವಾ ಎಲ್ಲಾ ಮಾಡ್ಸಿ ಇಂಥಾ ಹುಡುಗರನ್ನ ಸರಿ ಮಾಡಿ ಕಳಸ್ತಾರಂತ. ಮೊಬೈಲ್ ಇಟ್ಕೊಳ್ಳಂಗಿಲ್ಲ, ಮನಿಯವರು ಭೆಟ್ಟಿ ಆಗಂಗಿಲ್ಲ. ಅವ್ವ ತನ್ನ ಬೋರಮಾಳ ಒತ್ತಿ ಇಟ್ಟು ಅಡ್ವಾನ್ಸ್ ಕೊಟ್ಟು ಬಂದಾಳ. ಹೋದ ಅಮಾಸಿಗೆ ಅಲ್ಲಿಂದ ದಾರ, ಭಸ್ಮ ತಂದ್ಲು. ತಮ್ಮ ಒಂದು ಮಾತೂ ಆಡ್ಲಿಲ್ಲ ಅಕ್ಕಾರ, ಸುಮ್ನ ಕೈ ಚಾಚಿ ಕಟ್ಟಿಸ್ಕೊಂಡ, ಭಸ್ಮ ಕಲಸಿದ ನೀರು ಕುಡದ, ಶರ್ಟಿನ ತೋಳು ಕೆಳಗ ಎಳಕೊಂಡು ಬಸ್ಸಿಗೆ ಹ್ವಾದ. ಅಲ್ಲಿಂದ ಬಂದ ಮ್ಯಾಲ ನನ್ನ ನಾದಿನಿ ಜೋಡಿ ಅವನ ಮದವಿ ಮಾಡೂದಂತ ಅವ್ವ ಮನಸ್ಸಿನಾಗ ಇಟ್ಕೊಂಡಾಳ, ನಮ್ಮತ್ತಿ ಮುಂದ ಮಾತೂ ತಗದಾಳ. ನನ್ನ ಗಂಡಗ ಇದ್ಯಾವುದೂ ಗೊತ್ತಿಲ್ಲ. ನೀ ಹೇಳಿದ್ರ ಅವ ಕೇಳ್ತಾನ, ಇಲ್ಲಾಂದ್ರ ನಾ ಬಾವಿ ನೋಡ್ಕೋತೀನಿ ಅಂತ ಅವ್ವ ದಿನಾ ಫೋನಿನ್ಯಾಗ ಅಳತಾಳ. ಒಂದ್ಸಲ ಹೋಗಿ ಬಂದ್ರ ಏನು ಲುಕ್ಸಾನ ಅಂತ ನನಗೂ ಅನಸ್ತೈತಿ. ನಾನೂ ದೇವರನ್ನ ನಂಬಿದಾಕಿ, ಅಡ್ಡ ಬಂದ್ರ ಪಾಪ ತಟ್ಟತೈತೇನು?

— ಗದಗದಿಂದ ಒಬ್ಬ ಅಕ್ಕ

ತಂಗಿ, ಮೊದಲ ಉತ್ತರ ಹೇಳಿಬಿಡ್ತೀನಿ, ಉಳಿದದ್ದು ಆಮ್ಯಾಲ ಮಾತಾಡೂಣು. ಕಳಸಬ್ಯಾಡ. ಒಂದ್ಸಲನೂ ಬ್ಯಾಡ. ಅವನ್ನ ಒಪ್ಪಸೂ ಕೆಲಸಕ್ಕ ನೀ ಕೈ ಹಾಕಬ್ಯಾಡ.

ನಿನ್ನ ಪತ್ರ ಓದಿದ ಮ್ಯಾಲ ನನಗ ಆ ಚಾಚಿದ ಕೈದ ಮ್ಯಾಲೆ ಜೀವ ಹೋಗೇತಿ. ಅವ ಜಗಳ ಮಾಡಿದ್ರ, ದಾರ ಕಿತ್ತು ಒಗದಿದ್ರ ನಾ ಇಷ್ಟು ಹೆದರ್ತಿರಲಿಲ್ಲ. ಸುಮ್ನ ಕಟ್ಟಿಸ್ಕೊಂಡ ಅಂದ್ರ ಅವಂಗ ಅವ್ವನ ಸಂಕಟ ಕಾಣ್ತೈತಿ, ಅದಕ್ಕೆಲ್ಲಾ ನಾನ ಕಾರಣ ಅಂತ ಅನ್ಕೊಂಡಾನ. ಇಂಥಾ ಹುಡುಗ ನೀ ಹೋಗು ಅಂದ್ರ ಹೋಗೇ ಬಿಡ್ತಾನ, ಅವ್ವ ಹೇಳಿದ್ದು ಖರೇ ಐತಿ. ಆದ್ರ ಇಷ್ಟು ವರ್ಷ ಎದಿಯಾಗ ಇಟ್ಕೊಂಡಿದ್ದನ್ನ ಅವ ಮೊದಲ ಹೇಳಿದ್ದು ನಿನ್ನ ಮುಂದ. ನೀನೂ ಅವನ್ನ ರೋಗಿ ಅಂತ ಕಳಿಸಿಬಿಟ್ರ ಅವ ಇನ್ನ ಯಾರ ಮುಂದ ಹೇಳಬೇಕವಾ?

ಇನ್ನ ಆ ‘ಒಂದ್ಸಲ’ದ ಮಾತು. ಇಂಥಾ ಜಾಗಾದಾಗ ಒಂದ್ಸಲಕ್ಕ ಮುಗಿಯೂದು ಅಂತ ಇರೂದಿಲ್ಲ. 41 ದಿನ ಆದ ಮ್ಯಾಲ ಹುಡುಗ ಹೆಂಗಿದ್ನೋ ಹಂಗ ಇರ್ತಾನ, ಯಾಕಂದ್ರ ಬದಲಾಗೂಹಂಥಾದ್ದು ಅಲ್ಲಿ ಏನೂ ನಡದಿರೂದಿಲ್ಲ, ಆವಾಗ ಅವರು ಏನಂತಾರ, ಇವನ ಭಕ್ತಿ ಸಾಲದು, ಮನಸ್ಸಿನಾಗ ಸಂಶಯ ಇಟ್ಕೊಂಡು ಮಾಡ್ಯಾನ, ಇನ್ನೊಂದು ಮಂಡಲ ಮಾಡ್ಸ್ರಿ ಅಂತಾರ, ಅದೂ ಆಗ್ಲಿಲ್ಲಂದ್ರ ಮದವಿ ಮಾಡ್ರಿ ತಾನ ಸರಿ ಹೋಗ್ತಾನ ಅಂತಾರ. ಬದಲಾದ್ರ ಅಜ್ಜಾರ ಶಕ್ತಿ, ಬದಲಾಗದಿದ್ರ ಹುಡುಗನ ತಪ್ಪು. ಅವರ ಲೆಕ್ಕದಾಗ ಅವರು ಸೋಲೂ ದಾರೀನ ಇಲ್ಲ. ಮತ್ತ ಹುಡುಗ ಏನು ಮಾಡ್ತಾನ, ಫೋನ್ ವಾಪಸ್ ಸಿಗಲಿ, ಮನಿಗೆ ಬಿಡಲಿ ಅಂತ ‘ಹೂಂರಿ, ಸರಿ ಆಗೇನಿ’ ಅಂತ ಸುಳ್ಳು ಹೇಳ್ತಾನ. ಆ ಸುಳ್ಳನ್ನ ಮುಂದ ಬರೂ ತಾಯಂದಿರಿಗೆ ಸಾಕ್ಷಿ ಅಂತ ತೋರಸ್ತಾರ. ನಿಮ್ಮ ಸೋದರಮಾವ ಕೇಳಿದ ‘ಸರಿ ಆದ ಹುಡುಗ’ರ ಸುದ್ದಿ ಹೆಚ್ಚಾಗಿ ಹಿಂಗ ಹುಟ್ಟಿದ್ದು.

ಇದು ಒಂದು ಧರ್ಮದ ಮಾತಲ್ಲ, ಮಂತ್ರ ಹಾಕವ್ರೂ ಅದಾರ, ತಾಯಿತ ಕಟ್ಟವ್ರೂ ಅದಾರ, ತಲಿ ಮ್ಯಾಲ ಕೈ ಇಟ್ಟು ಪ್ರಾರ್ಥನಾ ಮಾಡವ್ರೂ ಅದಾರ. ಇದನ್ನ ಎಲ್ಲಾರಕಿಂತ ದೊಡ್ಡದಾಗಿ, ವ್ಯವಸ್ಥಾ ಮಾಡಿ ನಡಸಿದವರು ಅಮೆರಿಕಾದಾಗಿದ್ರು. ಎಕ್ಸೋಡಸ್ ಇಂಟರ್‌ನ್ಯಾಶನಲ್ ಅಂತ 1976ರಾಗ ಶುರು ಆದ ಕ್ರಿಶ್ಚಿಯನ್ ಸಂಸ್ಥಾ, ಪ್ರಾರ್ಥನಾ ಮತ್ತ ಕೌನ್ಸೆಲಿಂಗ್ ಮಾಡಿ ಗೇ ಇದ್ದವರನ್ನ ಬದಲು ಮಾಡಬಹುದು ಅಂತ ಮನಸಾರೆ ನಂಬಿದ್ರು, ಸಾವಿರಾರು ಮಂದಿ ಅವರ ಕಡೆ ಹ್ವಾದ್ರು. 2012ರಾಗ ಅದರ ಅಧ್ಯಕ್ಷ ಅಲನ್ ಚೇಂಬರ್ಸ್ ತಾನ ಹೇಳಿದ, ನಾ ಭೆಟ್ಟಿ ಆದವರೊಳಗ 99.9 ಪರ್ಸೆಂಟ್ ಮಂದಿ ಆಕರ್ಷಣಿ ಬದಲಾಗಿಲ್ಲ ಅಂತ. 2013ರಾಗ ಎಲ್ಲಾರ ಮುಂದ ಕ್ಷಮಾ ಕೇಳಿ ಸಂಸ್ಥಾನ ಮುಚ್ಚಿಬಿಟ್ರು. ಆ ಮನಷ್ಯಾ ಹೆಂಗಸನ್ನ ಮದವಿ ಆದಾವ, ಮಕ್ಕಳನ್ನ ಸಾಕಿದಾವ, ಆದ್ರೂ ಗಂಡಸರ ಮ್ಯಾಲಿನ ಆಕರ್ಷಣಿ ನನಗ ಹೋಗಿಲ್ಲ ಅಂತ ಒಪ್ಕೊಂಡ. ರಾಬರ್ಟ್ ಸ್ಪಿಟ್ಜರ್ ಅಂತ ದೊಡ್ಡ ಮನೋವೈದ್ಯ, ಮನಸ್ಸಿದ್ದವರು ಬದಲಾಗಬಹುದು ಅಂತ 2003ರಾಗ ಒಂದು ಅಧ್ಯಯನ ಪ್ರಕಟ ಮಾಡಿದ್ರು, ಅದನ್ನ ಹಿಡ್ಕೊಂಡು ಭಾಳ ಮಂದಿ ವಾದ ಮಾಡ್ತಿದ್ರು, ಅವರೂ 2012ರಾಗ ನಾ ಬರದದ್ದು ತಪ್ಪಿತ್ತು ಅಂತ ಕ್ಷಮಾ ಕೇಳಿದ್ರು. ಇವರಿಬ್ಬರೂ ಬದಲಾವಣಿಗೆ ಹುಟ್ಟಾ ವಿರೋಧ ಇದ್ದವರಲ್ಲ ನೋಡು, ಒಬ್ಬರು ಜೀವಮಾನ ಹಾಕಿ ನಂಬಿದ್ರು, ಇನ್ನೊಬ್ಬರು ಸಾಧ್ಯ ಐತಿ ಅಂತ ಬರದಿದ್ರು.

ನಾ ಬದಲಾಗೇನಿ ಅನ್ನವ್ರು ಇವತ್ತೂ ಸಿಗ್ತಾರ, ಅವರನ್ನ ಸುಳ್ಳುಗಾರರು ಅಂತ ನಾ ಅನ್ನಂಗಿಲ್ಲ. ಎರಡೂ ಕಡೆ ಮನಸ್ಸಿದ್ದವರು ಇರ್ತಾರ, ಆಸೆ ಅದುಮಿ ಬಾಳ್ವೆ ಮಾಡವ್ರೂ ಇರ್ತಾರ, ಅದು ಅವರವರ ನಿರ್ಧಾರ. ಆದ್ರ 2009ರಾಗ ಅಮೆರಿಕಾದ ಮನಶ್ಶಾಸ್ತ್ರಜ್ಞರ ಸಂಘ ಹಿಂದಿನ ಅಧ್ಯಯನ ಎಲ್ಲಾ ತಗದು ನೋಡಿ, ಹಿಂಗ ಮಾಡೂದರಿಂದ ಆಕರ್ಷಣಿ ಬದಲಾಗತೈತಿ ಅನ್ನಾಕ ಗಟ್ಟಿ ಪುರಾವೆ ಇಲ್ಲ, ಖಿನ್ನತೆ, ಸಾಯೂ ವಿಚಾರ ಬರೂ ಅಪಾಯ ಮಾತ್ರ ಐತಿ ಅಂತ ಹೇಳ್ತು. ಲುಕ್ಸಾನ ಏನು ಅಂತ ಕೇಳಿದೆಲ್ಲಾ ತಂಗಿ, ಅದ ಲುಕ್ಸಾನ.

ರೋಗ ಅಂದ್ರ ವಾಸಿ ಮಾಡೂ ಮಾತು ಬರಬೇಕು, ಇದು ರೋಗ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಾಗ ರೋಗದ ಪಟ್ಟಿಯಿಂದ ಇದನ್ನ ತಗದು ಹಾಕೇತಿ. ನಮ್ಮ ದೇಶದ ಮನೋವೈದ್ಯರ ಸಂಘಾನೂ ಇದು ಕಾಯಿಲೆ ಅಲ್ಲಂತ ಹೇಳೇತಿ. 2018ರ ಸೆಪ್ಟೆಂಬರ್ 6ಕ್ಕ ಸುಪ್ರೀಂ ಕೋರ್ಟು ಮನಸ್ಸೊಪ್ಪಿದ ಇಬ್ಬರು ದೊಡ್ಡವರ ಸಂಬಂಧ ಅಪರಾಧ ಅಲ್ಲಂತ ತೀರ್ಪು ಕೊಡ್ತು. 2022ರಾಗ ರಾಷ್ಟ್ರೀಯ ವೈದ್ಯಕೀಯ ಆಯೋಗ, ಇದನ್ನ ಬದಲು ಮಾಡ್ತೀನಿ ಅಂತ ಟ್ರೀಟ್ಮೆಂಟ್ ಕೊಡೂ ಡಾಕ್ಟರದು ವೃತ್ತಿ ದುರ್ನಡತೆ ಅಂತ ಹೇಳೇತಿ. ಓದಿದ ಡಾಕ್ಟರ್ ಮಾಡಬಾರದ್ದನ್ನ ಓದದಾವ ಬಾಗಲಾ ಹಾಕ್ಕೊಂಡು, ಫೋನ್ ಕಸಗೊಂಡು ಮಾಡ್ತೀನಂದ್ರ ನಂಬತೀಯೇನು? ನಿನ್ನ ತಮ್ಮ ದೊಡ್ಡವ, ಅವನ ಮನಸ್ಸಿಲ್ಲದ ಎಲ್ಲೂ ಕೂಡಿಹಾಕಾಕ ಬರೂದಿಲ್ಲ. ದೆವ್ವ ಬಿಡಸ್ತೀವಿ ಅಂತ ಕಟ್ಟಿಹಾಕೂದು, ಹೊಡಿಯೂದು ಮಾಡಿದ್ರ ನಮ್ಮ ರಾಜ್ಯದ 2017ರ ಮೌಢ್ಯ ವಿರೋಧಿ ಕಾಯ್ದೆ ಒಳಗ ಅಪರಾಧ ಆಗತೈತಿ. ಜಬರದಸ್ತಿ ಕರಕೊಂಡು ಹೋದ್ರ 112ಕ್ಕ ಫೋನ್ ಮಾಡು, ಸೋದರಮಾವ ಏನಂತಾನ ಅಂತ ನೋಡ್ಕೋತ ಕೂಡಬ್ಯಾಡ.

ಪಾಪದ ಮಾತು ಕೇಳಿದಿ. ನಾನೂ ದಿನಾ ದೀಪಾ ಹಚ್ಚಾಕಿನ, ಅದಕ್ಕ ಹೇಳ್ತೀನಿ. ನೀ ಅಡ್ಡ ಬರಾಕತ್ತಿದ್ದು ದೇವರಿಗಲ್ಲ, ಅಡ್ವಾನ್ಸ್ ತೊಗೊಂಡ ಒಬ್ಬ ಮನಷ್ಯಾಗ. ನಿಮ್ಮ ಹಾವೇರಿ ಜಿಲ್ಲಾದ ಶಿಶುನಾಳದ ಶರೀಫಜ್ಜರನ್ನ ಗೋವಿಂದ ಭಟ್ಟರು ಶಿಷ್ಯಾ ಅಂತ ಹತ್ರ ಕರಕೊಂಡಾಗ ಎರಡೂ ಕಡೆ ಜನ ಸಿಟ್ಟಾಗಿದ್ರು ಅಂತ ಹಿರ್ಯಾರು ಹೇಳೂದನ್ನ ನೀನೂ ಕೇಳಿರ್ತಿ. ನೀ ಮೊದಲ ಬ್ಯಾರೆ ಆಗಿ ಬಾ, ಆಮ್ಯಾಲ ಉಪದೇಶ ಕೊಡ್ತೀನಿ ಅಂತ ಆ ಗುರು ಅನ್ಲಿಲ್ಲ. ಗುರು ಅಂದ್ರ ಹಂಗ ಅಂತ ನಂಬಿದ ಮಣ್ಣಿದು. ತಮ್ಮಗ ಗುಡಿಗೆ ಬರೂ ಮನಸ್ಸಿದ್ರ ಜೋಡೀಲೆ ಕರಕೊಂಡು ಹೋಗು, ಕೈ ಮುಗೀರಿ, ಪ್ರಸಾದ ತಿನ್ರಿ. ಅವನ್ನ ಬದಲು ಮಾಡಪ್ಪಾ ಅಂತ ಮಾತ್ರ ಅವನ ಮುಂದ ಬೇಡ್ಕೋಬ್ಯಾಡ, ಅವಂಗ ಗುಡಿನೂ ಹೆದರಿಕಿ ಜಾಗಾ ಆಗಬಾರದು.

ಈಗ ನಾದಿನಿ ಮಾತು. ತಮ್ಮನ ಸಲುವಾಗಿ ಎಷ್ಟು ಜೀವ ಹೋಗ್ತೈತೋ ಈ ಹುಡುಗಿ ಸಲುವಾಗೂ ಅಷ್ಟ ಹೋಗ್ತೈತಿ ನನಗ, ಯಾಕಂದ್ರ ಆಕಿಗೆ ಏನೂ ಗೊತ್ತಿಲ್ಲ, ಮದವಿ ಆದ ಮ್ಯಾಲ ಗಂಡ ಯಾಕ ಮಾರಿ ತಿರುಗಿಸ್ತಾನ ಅಂತ ತನ್ನಾಗ ಕೊರತಿ ಹುಡುಕ್ಕೋತ ಕೂಡ್ತಾಳ, ಅತ್ತೀ ಮನಿಯವರು ಮಕ್ಕಳಾಗ್ಲಿಲ್ಲ ಅಂತ ಆಕಿಗೇ ಅಂತಾರ. ಕೊಟ್ಟು ತರೂ ಸಂಬಂಧದಾಗ ಒಂದು ಮನಿ ಮುರದ್ರ ಎರಡೂ ಮನಿ ಮುರೀತಾವ, ಅದ್ರಾಗ ನಿನ್ನ ಸಂಸಾರಾನೂ ಬಂತು. ಈ ಮದವಿ ನಿಲ್ಲಸು. ಆದ್ರ ತಮ್ಮನ ಗುಟ್ಟು ಅವನ್ನ ಕೇಳದ ಗಂಡಗ ಹೇಳಬ್ಯಾಡ, ಗಂಡ ಎಷ್ಟ ಚಲೋ ಇದ್ರೂ ಅದು ನಿನ್ನ ಗುಟ್ಟಲ್ಲ. ‘ಅವಂಗ ಈ ಸಂಬಂಧ ಮನಸ್ಸಿಲ್ಲ, ಒತ್ತಾಯ ಮಾಡಿದ್ರ ನಮ್ಮ ಹುಡುಗೀಗೆ ಅನ್ಯಾಯ ಆಗತೈತಿ’ ಅಂತ ನಿಮ್ಮತ್ತಿ ಮುಂದ ಹೇಳು, ಅದು ಸುಳ್ಳೂ ಅಲ್ಲ. ತಮ್ಮಗೂ ಬಾಯಿ ಬಿಟ್ಟು ಬ್ಯಾಡ ಅನ್ನಾಕ ಹೇಳು, ಇಷ್ಟರ ಮಟ್ಟಿಗೆ ಅವನೂ ಗಟ್ಟಿ ಆಗಬೇಕು.

ಅವ್ವನ ಮ್ಯಾಲ ಸಿಟ್ಟಾಗಬ್ಯಾಡ. ಬೋರಮಾಳ ಒತ್ತಿ ಇಡೂ ತಾಯಿ ಮಗನ್ನ ದ್ವೇಷ ಮಾಡಾಕಿ ಅಲ್ಲ, ಊರಾಗ ಏನಂತಾರ, ಮುಪ್ಪಿನ್ಯಾಗ ಇವನ್ನ ಯಾರು ನೋಡ್ತಾರ, ನಾ ಸಾಕಿದ್ದ ತಪ್ಪಾತೇನು ಅಂತ ಒಳಗ ಬೇಯಾಕತ್ತಾಳ. ಸಾಕಿದ್ದರಿಂದ ಹಿಂಗ ಆಗೂದಿಲ್ಲವಾ ಅಂತ ಮೊದಲ ಹೇಳು, ಹತ್ತ ಸಲ ಹೇಳಬೇಕಾಗತೈತಿ. ಮುಪ್ಪಿನ ಚಿಂತಿ ಮಾತ್ರ ಖರೇದ್ದ. 2023ರಾಗ ಸುಪ್ರೀಂ ಕೋರ್ಟು ಇಂಥಾವರ ಮದವಿಗೆ ಕಾನೂನಿನ ಮಾನ್ಯತೆ ಕೊಡಾಕ ಒಪ್ಪಲಿಲ್ಲ, ಅವನ ದಾರಿ ಸರಳ ಇಲ್ಲ, ಅದಕ್ಕ ಅವಂಗ ಅಕ್ಕ ಬೇಕು. ಅವ್ವಗ ಜಡ್ಜ್ ಒಬ್ಬರ ಕಥಿ ಹೇಳು: 2021ರಾಗ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರ ಮುಂದ ಮದುರೈದ ಇಬ್ಬರು ಹುಡುಗ್ಯಾರ ಕೇಸ್ ಬಂದಿತ್ತು, ತಮಗ ಈ ವಿಷಯ ಸರಿಯಾಗಿ ತಿಳಿದಿಲ್ಲ ಅಂತ ಒಪ್ಕೊಂಡು ಅವರು ತಾವ ಮನಶ್ಶಾಸ್ತ್ರಜ್ಞರ ಹಂತ್ಯಾಕ ಕೂತು ತಿಳ್ಕೊಂಡ್ರು, ಆಮ್ಯಾಲ ಇಂಥಾವರನ್ನ ಬದಲು ಮಾಡೂ ಟ್ರೀಟ್ಮೆಂಟ್ ನಡಿಯೂಹಂಗಿಲ್ಲ ಅಂತ ಆದೇಶ ಮಾಡಿದ್ರು. ಹೈಕೋರ್ಟ್ ಜಡ್ಜಿಗೇ ಕಲಿಯೂದಿತ್ತು, ನಮಗ ಕಲಿಯಾಕ ನಾಚಿಕಿ ಯಾಕ?

ಧಾರವಾಡದಾಗ ಡಿಮ್ಹಾನ್ಸ್ ಅಂತ ಮನೋರೋಗದ ಸರಕಾರಿ ದವಾಖಾನಿ ಐತಿ, ಅಲ್ಲಿಗೆ ಅವ್ವನ್ನ ಕರಕೊಂಡು ನೀ ಹೋಗು. ತಮ್ಮನ್ನ ರೋಗಿ ಮಾಡಿ ಅಲ್ಲ, ಅವ್ವಗ ನಿದ್ದಿಲ್ಲ, ಊಟಿಲ್ಲ, ಸಾಯೂ ಮಾತಾಡ್ತಾಳ, ಆಕೀದು ತೋರಸಾಕ. ಅಲ್ಲಾಗಲಿ ಬ್ಯಾರೆ ಎಲ್ಲ್ಯಾಗಲಿ, ಮೊದಲ ‘ನೀವು ಹುಡುಗನ ಮನಸ್ಸು ಬದಲು ಮಾಡ್ತೀರೇನ್ರಿ?’ ಅಂತ ಕೇಳು. ಹೂಂ ಅಂದ್ರ ಎದ್ದು ಬಾ. ಕೊಟ್ಟ ಅಡ್ವಾನ್ಸ್ ವಾಪಸ್ ಬರೂದು ಕಷ್ಟ, ಬರದಿದ್ರ ಬಿಡ್ರಿ, ರೊಕ್ಕಾ ಹೋಗ್ತೈತಲ್ಲಾ ಅಂತ ಹುಡುಗನ್ನ ಕಳಸಬ್ಯಾಡ್ರಿ.

ತಮ್ಮಗ ಇವತ್ತ ರಾತ್ರಿ ಫೋನ್ ಮಾಡು. ‘ನೀ ಅಲ್ಲಿಗೆ ಹೋಗೂದು ಬ್ಯಾಡ, ಅವ್ವನ್ನ ನಾ ನೋಡ್ಕೋತೀನಿ, ನೀ ಉಂಡಿಯಿಲ್ಲೋ’ ಅಂತ ಕೇಳು. ಸಾಯೂ ವಿಚಾರ ಬರತೈತೇನಪಾ ಅಂತ ನೇರ ಕೇಳು, ಕೇಳಿದ್ರ ಹೊಸದಾಗಿ ತಲ್ಯಾಗ ಬರೂದಿಲ್ಲ, ಬದಲಿಗೆ ಹೇಳಾಕ ಅವಂಗ ಬಾಯಿ ಬರತೈತಿ. ಹೂಂ ಅಂದ್ರ ಒಬ್ಬನ್ನ ಬಿಡಬ್ಯಾಡ, ಮರುದಿನಾನ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗು. ಟೆಲಿ ಮಾನಸ್ ಅಂತ ಸರಕಾರದ ಸಹಾಯವಾಣಿ ಐತಿ, 14416, ಹಗಲು ರಾತ್ರಿ ಕನ್ನಡದಾಗ ಮಾತಾಡ್ತಾರ, ರೊಕ್ಕಾ ಕೊಡಬೇಕಾಗಿಲ್ಲ, ಅವನೂ ಮಾಡಬಹುದು, ಅವ್ವ ಬಾವಿ ಮಾತಾಡಿದಾಗ ನೀನೂ ಮಾಡಬಹುದು. ಏನಾತು ಅಂತ ನನಗ ಮತ್ತ ಬರಿ ತಂಗಿ, ದಾರಿ ಕಾಯ್ತೀನಿ.